ಕೆಳಗಿನೂರಿಗೆ ಸಾರದ ಡಂಗುರ

ಈರಕ್ಕ, ನಿನ್ನ ಮಗಳು ಸತ್ತದ್ದು ನನ್ನ ಒಂದು ಸುಳ್ಳಿನಿಂದ. ಇಷ್ಟು ವರ್ಷ ನಿನ್ನ ಕಟ್ಟೆಯ ಮೇಲೆ ಕುಂತು, ನಿನ್ನ ರೊಟ್ಟಿ ತಿಂದು, ಇದೊಂದನ್ನು ಹೇಳದೆ ಎದ್ದು ಬಂದಿದ್ದೇನೆ.

ನಮ್ಮೂರು ಬೈಲಹೊಂಗಲ ತಾಲೂಕು, ಕೆಳಗಿನ ನಿಮ್ಮೂರು ಸವದತ್ತಿ ತಾಲೂಕು. ನಡುವಿನ ಗಡಿಕಲ್ಲಿನ ಹತ್ತಿರ ಎರಡೂ ಊರಿನ ಗಟಾರದ ನೀರು ಶುದ್ಧ ಮಾಡುವ ಹೊಂಡಗಳು; ಅವನ್ನು ಕಾಯುವವನು ನಾನು. ಆ ಬೇಸಿಗೆ ಹೊಂಡ ದೊಡ್ಡದು ಮಾಡಿ ಹೊಸ ಯಂತ್ರ ಕೂಡಿಸುವ ಕೆಲಸ ಬಂತು. ಅದಕ್ಕೆ ಹಳೆಯ ಹೊಂಡ ಖಾಲಿಯಾಗಬೇಕು. ಮೂರು ದಿನ ಹೊಲಸು ನೀರು ಹಾಗೇ ಹಳ್ಳಕ್ಕೆ ಹೋಗಬೇಕು. ಅದೇ ಹಳ್ಳದ ಉಸುಕಿನಲ್ಲಿ ವರ್ತಿಯ ಗುಂಡಿ ತೋಡಿ ನೀವು ಕುಡಿಯುವ ನೀರು ತುಂಬುತ್ತಿದ್ದಿರಿ. ಹಳ್ಳದ ನೀರು ಕುಡಿಯಬೇಡಿ ಎಂದು ಎರಡೂ ಊರಲ್ಲಿ ಡಂಗುರ ಸಾರಿಸಿ, ಆಮೇಲೆ ಹೊಂಡದ ಗೇಟು ಎತ್ತು ಎಂದಿದ್ದರು ಎಂಜಿನಿಯರ್ ಸಾಹೇಬರು.

ಡಂಗುರ ಬಾರಿಸುವ ನಮ್ಮೂರ ಹಲಗೆ ಗಡಿಕಲ್ಲು ದಾಟುವಂತಿಲ್ಲ, ನಿನಗೂ ಗೊತ್ತು. ನಿಮ್ಮ ಗೌಡರ ಮುಂದೆ ಎಲೆ-ಅಡಿಕೆ ಇಟ್ಟು ಕೇಳಬೇಕು, ನಿಮ್ಮ ಹಲಗೆಯವನೇ ಸಾರಬೇಕು. ಹಿಂದೊಮ್ಮೆ ಹೋದಾಗ ಅವರು, "ಗಟಾರದಾಂವ ಬಂದಾನೇನು? ನಿಂದರ್‍ಲಿ ಬಿಡು" ಎಂದು ಒಳಗಿನಿಂದಲೇ ಹೇಳಿ ಅರ್ಧ ದಿನ ಬಿಸಿಲಲ್ಲಿ ನಿಲ್ಲಿಸಿದ್ದರು. ಆ ಮಾತು ಎದೆಯೊಳಗೆ ಕುಂತುಬಿಟ್ಟಿತ್ತು — ಮತ್ತೆ ಅವರ ಬಾಗಿಲಿಗೆ ನಾನ್ಯಾಕೆ... ಹೋಗಲಿಲ್ಲ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರುವುದಿಲ್ಲ ಅಂತಾರೆ. ನಾನು ಕೊಯ್ದದ್ದು ನನ್ನ ಮೂಗನ್ನೂ ಅಲ್ಲ.

"ಎರಡೂ ಊರಾಗ ಸಾರಿಸೀಯೇನಪಾ?" ಸಾಹೇಬರು ಕೇಳಿದರು.

"ಹೂನ್ರಿ ಸಾಹೇಬ್ರ, ಸಾರಿಸೇನ್ರಿ."

ಗೇಟು ಎತ್ತಿದೆ.

ಹೊಂಡದ ನಾತ ನಿಮ್ಮೂರಿಗೆ ಹೊಸದಲ್ಲ, ಯಾರೂ ಅನುಮಾನಪಡಲಿಲ್ಲ. ಉಸುಕಿನಲ್ಲಿ ಇಳಿದು ಬಂದ ನೀರು ಕಣ್ಣಿಗೆ ತಿಳಿಯಾಗಿಯೇ ಇತ್ತು. ನಿನ್ನ ಮಗಳು ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ಅವಳಿಗೂ ಊರಿನ ಕೆಲವರಿಗೂ ವಾಂತಿ-ಭೇದಿ ಹತ್ತಿತು. ಉಳಿದವರು ಎದ್ದು ಕುಂತರು; ಅವಳು, ಹೊಟ್ಟೆಯೊಳಗಿನ ಕೂಸು — ಟೆಂಪೋ ಸವದತ್ತಿ ಮುಟ್ಟುವ ಮೊದಲೇ...

ಮಣ್ಣಿಗೆ ಬಂದಿದ್ದೆ. ನೀನು ನನ್ನ ಕೈ ಹಿಡಿದು ಅಂದೆ: "ನನ್ನ ಕೊಡಾನ ಹೊಲಸಿತ್ತೇನೋ ತಮ್ಮಾ. ನನ್ನ ಕೈಯಾರೆ ಕುಡಿಸಿದ್ನೆಲ್ಲೋ." ಆಗ ಬಾಯಿ ಬಿಡಬೇಕಿತ್ತು. ನೌಕರಿ ಹೋಗುತ್ತದೆ, ನಿಮ್ಮೂರವರು ಬಡಿಯುತ್ತಾರೆ — ಅಂಜಿದೆ. "ಹಣೇಬರಾ, ಅಕ್ಕಾ" ಅಂದೆ. ದೇವರ ಮೇಲೆ ಹಾಕಿ ಮನೆಗೆ ಬಂದೆ.

ಅವತ್ತಿನಿಂದ ನೀನು ಯಾರಿಗೂ ನಿನ್ನ ಕೈಯಿಂದ ನೀರು ಕೊಟ್ಟಿಲ್ಲ. ಬಿಸಿಲಲ್ಲಿ ಬಂದವರು ಬಾಗಿಲಲ್ಲಿ ನಿಂತರೆ ಪಕ್ಕದ ಮನೆಯ ಸೊಸೆಯನ್ನು ಕೂಗುತ್ತೀ. ಆ ತಾಮ್ರದ ಕೊಡವನ್ನು ಮಾತ್ರ ದಿನಾ ಹುಣಸೆಹಣ್ಣು ಹಚ್ಚಿ ತಿಕ್ಕುತ್ತೀ — ತಿಕ್ಕಿ ಡಬ್ಬು ಹಾಕುತ್ತೀ. ಆ ಸಪ್ಪಳ ನನ್ನ ಬೆನ್ನು ಬಿಟ್ಟಿಲ್ಲ. ನನ್ನ ಹೆಂಡತಿ ಪಾತ್ರೆ ತಿಕ್ಕಲು ಕುಂತರೆ ನಾನು ಎದ್ದು ಹೊರಗೆ ಹೋಗುತ್ತೇನೆ. ಯಾಕೆ ಎಂದು ಅವಳು ಕೇಳುವುದನ್ನೂ ಬಿಟ್ಟಿದ್ದಾಳೆ.

ಹೊಸ ಯಂತ್ರ ಚೆನ್ನಾಗಿ ನಡೆದಿದೆ. ಅದನ್ನು ನೋಡಿದವರೆಲ್ಲ ನನ್ನನ್ನು ಹೊಗಳಿದರು.

ನಾಳೆ ಮುಂಜಾನೆ ಬರುತ್ತೇನೆ, ಅಕ್ಕಾ. ಮೊದಲು ನಿಮ್ಮ ಗೌಡರ ಮುಂದೆ ಎಲೆ-ಅಡಿಕೆ ಇಡುತ್ತೇನೆ. ಆಗ ಸಾರದೆ ಉಳಿದದ್ದನ್ನು ನಿಮ್ಮ ಹಲಗೆಯವನೇ ನನ್ನ ಹೆಸರು ಹಿಡಿದು ಊರಿಗೆಲ್ಲ ಸಾರಲಿ. ಆಮೇಲೆ ನಿನ್ನ ಬಾಗಿಲಿಗೆ ಬಂದು ನಿಲ್ಲುತ್ತೇನೆ. ನನಗೆ ನೀರು ಕೊಡಬೇಡ. ಆದರೆ ಬೇರೆ ಯಾರು ಕೇಳಿದರೂ ನಿನ್ನ ಕೈಯಿಂದಲೇ ಕೊಡು. ನಿನ್ನ ಕೊಡ ಹೊಲಸಿರಲಿಲ್ಲ.