ಅತ್ತೆ ಬಾಗಿಲಿಗೆ ಬರುವ ನುಡಿ

ತಿಪಟೂರಿನ ಎಫ್ಎಂ ಕೇಂದ್ರದವರು ಅಮ್ಮನ ಸೋಬಾನೆ ಪದವನ್ನು ರೆಕಾರ್ಡ್ ಮಾಡಿಕೊಂಡು ಹೋದದ್ದು ಮಂಗಳವಾರ. ಪ್ರಸಾರ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಎಂದರು. ಎರಡನ್ನೂ ದಿನಚರಿಯಲ್ಲಿ ಬರೆದುಕೊಂಡೆ. ಹಲವು ಊರುಗಳಲ್ಲಿ ಸಣ್ಣ ಸಣ್ಣ ಕೇಂದ್ರಗಳಿರುವ ರೇಡಿಯೋ ಬಳಗ ಅದು. ಸುದ್ದಿ ಎಲ್ಲ ಕಡೆಗೂ ಒಂದೇ, ಉಳಿದದ್ದು ಆಯಾ ಊರಿನದು. ನಮ್ಮ ಕೇಂದ್ರದಲ್ಲಿ ಕೊಬ್ಬರಿ ಧಾರಣೆ, ಹುಟ್ಟುಹಬ್ಬದ ಹಾರೈಕೆ, ಕಳೆದುಹೋದ ಎಮ್ಮೆಯ ಗುರುತು ಎಲ್ಲ ಬರುತ್ತವೆ. ಕಿಟಕಿಯ ಸರಳಿಗೆ ತಂತಿ ಸುತ್ತಿದರೆ ಅರಳಗುಪ್ಪೆಯ ಆಚೆಗಿರುವ ನಮ್ಮ ಮನೆಗೂ ಕೇಳಿಸುತ್ತದೆ.

ಅಮ್ಮನಿಗೆ ಆ ಪದ ಕಲಿಸಿದವಳು ಅಜ್ಜಿ, ಅಪ್ಪನ ತಾಯಿ. ಸೊಸೆಯಾಗಿ ಬಂದ ವರ್ಷ ರಾಗಿ ಕೇರುತ್ತಾ ಕಲಿತದ್ದಂತೆ. ಆದರೆ ಅಪ್ಪನ ಮುಂದೆ ಅಮ್ಮ ಒಂದು ದಿನವೂ ದನಿ ತೆಗೆದವಳಲ್ಲ. ರೆಕಾರ್ಡ್ ಮಾಡಲು ಬಂದ ಕೇಂದ್ರದ ಹುಡುಗಿಯನ್ನೂ ಅಪ್ಪ ತೋಟಕ್ಕೆ ಹೋಗುವವರೆಗೆ ಕಾಯಿಸಿದ್ದಳು. ರೇಡಿಯೋದಲ್ಲಿ ಬರುವುದನ್ನು ಯಾರು ಕೇಳದಿದ್ದರೂ ಅಜ್ಜಿ ಕೇಳಬೇಕು ಎಂಬುದೊಂದೇ ಅವಳ ಆಸೆ. ಅಜ್ಜಿಗೋ ಹೋದ ವರ್ಷದಿಂದ ಕಿವಿ ಮಂದ.

ಭಾನುವಾರ, ಕೊಬ್ಬರಿಗೆಂದು ಒಣಗಲು ಬಿಟ್ಟಿದ್ದ ತೆಂಗಿನಕಾಯಿಗಳನ್ನು ಅಟ್ಟದಿಂದ ಇಳಿಸಿದ್ದೆವು. ಅಂಗಳದಲ್ಲಿ ಇಬ್ಬರು ಸುಲಿಯುತ್ತಿದ್ದರು, ಅಪ್ಪ ಸಿಪ್ಪೆ ಒಟ್ಟುತ್ತಿದ್ದ. ಹನ್ನೊಂದಕ್ಕೆ ಸರಿಯಾಗಿ ಅಮ್ಮನ ಹಾಡು ಶುರುವಾಯಿತು. ನಡುಮನೆಯಲ್ಲಿ ಕೂತಿದ್ದ ಅಜ್ಜಿಯ ಕಿವಿಗೆ ಅಮ್ಮ ರೇಡಿಯೋ ಹಿಡಿದಳು.

"ಕೇಳ್ತದಾ ಅತ್ತೆ?"

"ಜೇನುಹುಳ ಎದ್ದಂಗೈತೆ ಕಣೇ. ನೀನೋ, ಬೇರೆ ಯಾರೋ?"

ಅಮ್ಮನ ಮುಖ ಸಪ್ಪಗಾಯಿತು. ನಾನು ಗುಂಡಿ ತಿರುಗಿಸಲು ಹೋದೆ. ಸದ್ದು ಆಗಲೇ ಪೂರ್ತಿ ಏರಿತ್ತು, ತಿರುಗಿಸುವುದಕ್ಕೆ ಏನೂ ಉಳಿದಿರಲಿಲ್ಲ. ಅಷ್ಟರಲ್ಲಿ ಅಜ್ಜಿ ರೇಡಿಯೋವನ್ನು ಕಿತ್ತುಕೊಂಡು ಎರಡೂ ಅಂಗೈಗಳ ನಡುವೆ ಅಮುಕಿ ಹಿಡಿದಳು. ಕಾಯಿಯೊಳಗೆ ಕೊಬ್ಬರಿ ಚಿಪ್ಪು ಬಿಟ್ಟಿದೆಯೇ ಎಂದು ಎಲ್ಲರೂ ಅಲ್ಲಾಡಿಸಿ ಸದ್ದು ಕೇಳಿದರೆ, ಕಿವಿ ಹೋದ ಮೇಲೆ ಅಜ್ಜಿ ಅಂಗೈಯಲ್ಲೇ ಅದನ್ನು ತಿಳಿಯುತ್ತಿದ್ದಳು. ಈಗ ರೇಡಿಯೋ ಅದುರುವುದನ್ನೇ ಹಿಡಿದು ಅವಳ ತುಟಿಗಳು ಮೆಲ್ಲಗೆ ಅಲುಗಾಡತೊಡಗಿದವು. ಅಮ್ಮ ಆ ತುಟಿಗಳನ್ನೇ ನೋಡುತ್ತಾ ಕೂತಳು.

ಹಾಡು ಮುಗಿದು ಜಾಹೀರಾತು ಬಂತು. ಅಜ್ಜಿಯ ತುಟಿ ಇನ್ನೂ ಆಡುತ್ತಿತ್ತು. ಆಮೇಲೆ ನಿಂತಿತು.

"ಯಾಕೇ ನಿಲ್ಲಿಸ್ಬುಟ್ಟೆ? ಕೊನೇ ನುಡಿ ಎಲ್ಲಿ?"

"ಟೈಮಾಯ್ತು ಸಾಕು ಅಂದ್ರು ಅತ್ತೆ," ಅಮ್ಮ ಅವಳ ಕಿವಿಯಲ್ಲಿ ಕೂಗಿದಳು.

"ಅತ್ತೆ ಬಾಗ್ಲಿಗೆ ಬರೋದೇ ಆ ನುಡೀಲಿ. ಸೊಸೇನ ಬೀದೀಲೇ ನಿಲ್ಲಿಸಿ ಬಂದಿದ್ದೀಯಲ್ಲೇ. ಹೇಳು ಈಗ."

ನಾನು ರೇಡಿಯೋ ಆಫ್ ಮಾಡಿದೆ. ಅಮ್ಮ ಒಮ್ಮೆ ಅಂಗಳದ ಕಡೆ ನೋಡಿ, ಅಜ್ಜಿಯ ಕಿವಿಗೆ ಬಗ್ಗಿ ಮೆಲ್ಲಗೆ ಶುರು ಮಾಡಿದಳು. ಅಜ್ಜಿ ತಲೆಯಾಡಿಸಿದಳು, ಕೇಳಿಸಲಿಲ್ಲ. ಅಮ್ಮ ದನಿ ಏರಿಸಿದಳು. ಹೊರಗೆ ಸುಲಿಯುವ ಸದ್ದು ನಿಂತಿತು.

"ಲೇ, ರೇಡಿಯೋ ಇನ್ನೊಸಿ ಜೋರು ಮಾಡ್ಲಾ," ಅಂಗಳದಿಂದ ಅಪ್ಪ ನನ್ನನ್ನು ಕೂಗಿದ. "ಚೆನ್ನಾಗಿ ಹೇಳ್ತಾವ್ಳೆ."

"ಆಯ್ತಪ್ಪ," ಅಂದೆ.

ಅಮ್ಮ ಬಾಗಿಲಿಗೆ ಬೆನ್ನು ಮಾಡಿ ಕೂತು, ಇನ್ನಷ್ಟು ಜೋರಾಗಿ ಹಾಡಿದಳು.