ಅಪ್ಪ ದಾರಿ ತಪ್ಪಿದ ದಿನ

ನಾನು ಚಿಕ್ಕವಳಿದ್ದಾಗ ಕಮಲಾಪುರದಲ್ಲಿ ನಮ್ಮ ಅಪ್ಪ ಮುಂದಿಲ್ಲದೆ ಯಾರೂ ಕಲಬುರಗಿಗೆ ನಡೆದು ಹೋಗುತ್ತಿರಲಿಲ್ಲ. ಬಸ್ಸು ಇರಲಿಲ್ಲವೆಂದಲ್ಲ, ಇತ್ತು. ಆದರೆ ಅಲ್ಲಿನ ರೋಜಾ ದರ್ಗಾದ ಉರುಸಿನ ಜಾತ್ರೆಗೆ ಹರಕೆ ಹೊತ್ತವರು ಬಸ್ಸು ಹತ್ತುತ್ತಿರಲಿಲ್ಲ. ಡಾಂಬರು ರಸ್ತೆ ಸುತ್ತು, ಅಪ್ಪನ ಕಾಲುದಾರಿ ಕಲ್ಲುಗುಡ್ಡಗಳ ಮೇಲೆ ನೆಟ್ಟಗೆ. ಬೆಳ್ಳಿಚುಕ್ಕಿ ಮೂಡುವಾಗ ಹೊರಟರೆ ಸಂಜೆ ದರ್ಗಾಕ್ಕೆ ಗಂಧ ಒಯ್ಯುವ ಸಂದಲ್ ಮೆರವಣಿಗೆಯ ಹೊತ್ತಿಗೆ ಎಲ್ಲರನ್ನೂ ಮುಟ್ಟಿಸುತ್ತಿದ್ದ. ಒಂದು ವರ್ಷವೂ ತಪ್ಪಿಸಿರಲಿಲ್ಲ. ನನಗೋ ಅಪ್ಪನೆಂದರೆ ಎಲ್ಲಿಲ್ಲದ ಜಂಬ.

ಉರುಸಿಗೆ ಮುಂಚೆ ಅಪ್ಪ ನನ್ನನ್ನು ಕರೆದುಕೊಂಡು ಹೋಗಿ, ದಾರಿ ಕವಲೊಡೆಯುವ ಕಡೆಯೆಲ್ಲ ಬಂಡೆಗಳಿಗೆ ಸುಣ್ಣ ಹಚ್ಚುತ್ತಿದ್ದ. ಬಟ್ಟೆಯ ಉಂಡೆಯನ್ನು ಸುಣ್ಣದಲ್ಲಿ ಅದ್ದಿ ಕಲ್ಲಿಗೆ ಒತ್ತಿದರೆ ರೊಟ್ಟಿಯಂಥ ದುಂಡು ಗುರುತು ಮೂಡುತ್ತಿತ್ತು. ಡಬ್ಬಿ ಹಿಡಿಯುವ ಕೆಲಸ ನನ್ನದು. ಆ ವರ್ಷ ಅಪ್ಪ ಜ್ವರದಲ್ಲಿ ಮಲಗಿಬಿಟ್ಟ. ಎದ್ದ ಮೇಲೂ ಹೋಗಲಿಲ್ಲ. "ಹ್ವಾದ ವರ್ಷದ ಗುರುತು ಇರ್ತಾವ ಬಿಡು," ಅಂದ.

ಆ ಸಲ ನಮ್ಮ ಜೊತೆ ದೊಡ್ಡಮ್ಮ ಹೊರಟಿದ್ದಳು, ಅಪ್ಪನ ಅಣ್ಣನ ಹೆಂಡತಿ. ಮೊಣಕಾಲು ನೋವಿನವಳು. "ಸಾಯೂದ್ರೊಳಗ ಒಮ್ಮೆ ಸಂದಲ್ ಕಣ್ತುಂಬ ನೋಡ್ತೀನಿ," ಎಂದು ಹಟ ಹಿಡಿದು ಬಂದಿದ್ದಳು. ಅಕ್ಕ ಅವಳ ಕೈ ಹಿಡಿದಿದ್ದಳು. ಬಳೆ ಮಾರುವ ಚಾಚಾ ನನ್ನ ಹಿಂದೆಯೇ ಇದ್ದ. ಬಿಸಿಲೇರಿದಂತೆ ಕರಿಬಂಡೆಗಳು ಹಂಚಿನಂತೆ ಕಾದವು. ಟೈರಿನ ಚಪ್ಪಲಿಯೊಳಗೂ ಅಂಗಾಲು ಚುರುಗುಟ್ಟಿತು. ಜಾಲಿ ಮುಳ್ಳು ಲಂಗ ಹರಿಯಿತು. ಒಂದು ಬೇವಿನ ಮರದ ಕೆಳಗೆ ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ ತಿಂದು ಮತ್ತೆ ಎದ್ದೆವು.

ಅಲ್ಲಿಂದ ಸ್ವಲ್ಪ ದೂರಕ್ಕೆ ಕಲ್ಲುಗಳ ಮೇಲೆ ಬಿಳಿ ಗುರುತು ಕಂಡವು. ಅಪ್ಪ ಅವುಗಳ ಬೆನ್ನು ಹತ್ತಿದ. ನಾನು ಹತ್ತಿರ ಹೋಗಿ ನೋಡಿದೆ. ದುಂಡಗಿರಲಿಲ್ಲ, ಉದ್ದುದ್ದ ಗೆರೆಗಳು. ಓಡಿಹೋಗಿ ಅಪ್ಪನ ಅಂಗಿ ಜಗ್ಗಿ ಮೆಲ್ಲಗೆ ಹೇಳಿದೆ, "ಅಪ್ಪಾ, ಇವು ನಮ್ಮ ಗುರುತಲ್ಲ."

"ಸುಮ್ನ ನಡಿ," ಅಂದ. ನನ್ನ ಕಡೆ ನೋಡಲಿಲ್ಲ. ಆಗ ನನಗೆ ತಿಳಿಯಿತು, ಅಪ್ಪನಿಗೂ ಗೊತ್ತಾಗಿದೆ. ಗೊತ್ತಾಗಿಯೂ ನಡೆಯುತ್ತಿದ್ದಾನೆ.

ಅದೇ ಹೊತ್ತಿಗೆ ಚಾಚಾ ಹಿಂದಿನಿಂದ, "ನಿಮ್ಮಪ್ಪ ಮುಂದಿದ್ದಾನಂದ್ರ ನಾವು ಕಣ್ಣು ಮುಚ್ಕೊಂಡು ನಡೀಬಹುದು ನೋಡು ಬೇಟಿ," ಅಂದ. ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ಎಲ್ಲರೆದುರು ಹೇಳಿದರೆ ಅಪ್ಪನ ಮರ್ಯಾದೆ ಹೋಗುತ್ತದೆ. ಹೇಳದಿದ್ದರೆ ದೊಡ್ಡಮ್ಮನಿಗೆ ಸಂದಲ್ ತಪ್ಪುತ್ತದೆ. ಅವಳು ಉಸ್ಸಪ್ಪಾ ಎನ್ನುತ್ತ ಒಂದೊಂದೇ ಬಂಡೆ ಇಳಿಯುತ್ತಿದ್ದಳು. ನಾನು ತಲೆ ತಗ್ಗಿಸಿಕೊಂಡು ನಡೆದೆ.

ಕೊನೆಗೆ ದಾರಿ ಒಂದು ಕಲ್ಲಿನ ಖಣಿಯ ದಂಡೆಗೆ ಬಂದು ನಿಂತಿತು. ಕೆಳಗೆ ಆಳದಲ್ಲಿ ಹಸಿರು ನೀರು. ಆ ಗೆರೆಗಳು ಖಣಿಯವರು ಕಲ್ಲು ಒಡೆಯಲು ಹಾಕಿಕೊಂಡಂಥವು. ಎಲ್ಲರೂ ನಿಂತರು. ಅಪ್ಪ ನಮ್ಮ ಕಡೆ ತಿರುಗಿ ತಲೆಯ ರುಮಾಲು ತೆಗೆದ.

"ದಾರಿ ತಪ್ಪೀನಿ. ಊಟ ಆಗಿ ಸ್ವಲ್ಪ ದೂರಕ್ಕ ಗೊತ್ತಾಗಿತ್ತು. ಹೇಳಾಕ ನಾಚಿಕಿ ಬಂತು."

ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಚಾಚಾ ಮಾತ್ರ, "ಅವಾಗ್ಲೇ ಹೇಳಬಾರ್ದಿತ್ತೇನ್ರೀ," ಎಂದು ಗೊಣಗಿ ದೊಡ್ಡಮ್ಮನಿಗೆ ನೀರು ಕೊಟ್ಟ. ದೊಡ್ಡಮ್ಮ ಬಂಡೆಯ ಮೇಲೆ ಕುಳಿತು ಸೂರ್ಯನ ಕಡೆ ನೋಡಿದಳು. ಅಪ್ಪನ ಮುಖ ನೋಡುವ ಧೈರ್ಯ ನನಗೆ ಆಗಲಿಲ್ಲ.

ಬಂದ ದಾರಿಯಲ್ಲೇ ತಿರುಗಿ ನಡೆದೆವು. ರೋಜಾ ಮುಟ್ಟಿದಾಗ ಅಂಗಡಿಗಳಲ್ಲಿ ದೀಪ ಹತ್ತಿದ್ದವು. ಮೆರವಣಿಗೆ ಮುಗಿದಿತ್ತು. ಗಾಳಿಯಲ್ಲಿ ಗಂಧದ ವಾಸನೆ, ರಸ್ತೆಯಲ್ಲಿ ತುಳಿದ ಗುಲಾಬಿ ಎಸಳು. ದೊಡ್ಡಮ್ಮ ಬಗ್ಗಲಾರದೆ ಬಗ್ಗಿ ಒಂದು ಎಸಳು ಹೆಕ್ಕಿ ಕಣ್ಣಿಗೆ ಒತ್ತಿಕೊಂಡಳು. ಅಪ್ಪ ನಲ್ಲಿಯ ಹತ್ತಿರ ಕಾಲು ತೊಳೆಯುತ್ತ ನಿಂತ. ಕಾಲು ಆಗಲೇ ಸ್ವಚ್ಛವಾಗಿದ್ದವು, ಆದರೂ ತೊಳೆಯುತ್ತಲೇ ಇದ್ದ.

ಮರುವರ್ಷ ದೊಡ್ಡಮ್ಮನ ಮೊಣಕಾಲು ಅವಳನ್ನು ಅಂಗಳ ದಾಟಲೂ ಬಿಡಲಿಲ್ಲ. ಸಾಲಿನ ಮುಂದೆ ಬೇರೆ ಯಾರೋ ನಡೆದರು. ಅಪ್ಪ ಎಲ್ಲರ ಹಿಂದೆ ನಡೆದ, ನಾನು ಅವನ ಪಕ್ಕದಲ್ಲಿ.

ಹೋದ ವಾರ ನಿಮ್ಮ ಕಾರಿನಲ್ಲಿ ಕಲಬುರಗಿಗೆ ಹೋದೆವಲ್ಲ ಮೊಮ್ಮಕ್ಕಳೇ, ನಡುವೆ ನಿಮ್ಮಪ್ಪ ತಪ್ಪು ರಸ್ತೆ ಹಿಡಿದ. ಫೋನಿನೊಳಗಿನ ಹೆಂಗಸು "ಹಿಂದೆ ತಿರುಗಿ" ಅಂದಳು, ಅವನು ತಿರುಗಿಸಿದ. ಯಾರ ಮುಖವೂ ಸಣ್ಣದಾಗಲಿಲ್ಲ. ನೀವಂತೂ ಚಿಪ್ಸು ತಿನ್ನುವುದನ್ನೂ ನಿಲ್ಲಿಸಲಿಲ್ಲ. ಒಳ್ಳೆಯದೇ ಆಯಿತು ಬಿಡಿ. "ದಾರಿ ತಪ್ಪೀನಿ" ಎಂಬ ಎರಡು ಮಾತು ಆಡಲಿಕ್ಕೆ ನನ್ನ ಅಪ್ಪನಿಗೆ ಒಂದು ಮಧ್ಯಾಹ್ನ ಪೂರ್ತಿ ಬೇಕಾಯಿತು. ಅಷ್ಟರಲ್ಲಿ ದೊಡ್ಡಮ್ಮನ ಸಂದಲ್ ಹೋಗಿಬಿಟ್ಟಿತ್ತು.