ಊದುವ ಚಾಳಿ

ಮೂಲೆಯ ಕ್ಷೌರದಂಗಡಿಯಾತನ ಬಾಯಿ ಅವನ ಕತ್ತರಿಗಿಂತ ಚುರುಕು. ಗಿರಾಕಿಯ ಮೇಲೆ ಉದುರಿದ ಕೂದಲನ್ನು ಬ್ರಷ್‌ನಿಂದ ಒರೆಸುವ ಜಾಯಮಾನವೇ ಅವನದಲ್ಲ. ಬಗ್ಗಿ, ಉಫ್ ಎಂದು ಊದಿಬಿಡುತ್ತಿದ್ದ. ಅದು ಕೊಸರು, ಅದಕ್ಕೆ ದುಡ್ಡಿಲ್ಲ ಅಂತ ಜಂಬ ಬೇರೆ!

ಒಂದು ವರ್ಷ ಅವನ ಹೆಂಡತಿ ಫ್ಲೂ ಲಸಿಕೆ ಹಾಕಿಸಿಕೊಂಡು ಬಂದು, "ನೀವೂ ಹೋಗ್ಬನ್ನಿ" ಎಂದಳು.

"ಹೋದ ವರ್ಷ ಹಾಕಿಸ್ಕೊಂಡಿದ್ದೀನಲ್ಲೇ, ಮತ್ಯಾಕೆ?"

"ಅದರ ಬಲ ಕಮ್ಮಿ ಆಗುತ್ತಂತೆ. ರೋಗಾಣುನೂ ವರ್ಷಾ ವರ್ಷಾ ವೇಷ ಬದಲಾಯಿಸುತ್ತಂತೆ. ನರ್ಸಮ್ಮ ಹೇಳಿದ್ರು."

"ತೋಳು ನೋಯುತ್ತೆ ಕಣೆ. ಕೈ ಜಾರಿದ್ರೆ ಗಿರಾಕಿ ಕಿವಿ ಹೋಗುತ್ತೆ!"

"ಎಡಗೈಗೆ ಹಾಕಿಸ್ಕೊಳ್ಳಿ."

"ಎಡಗೈಯಲ್ಲೇ ಕೆನ್ನೆ ಎಳೆದು ಹಿಡಿಯೋದು! ನಮ್ಮ ಕಸುಬು ನಿನಗೇನು ಗೊತ್ತು?"

ಮಾತಿಗೆ ಮಾತು ಸಿದ್ಧವಿತ್ತು. ಅವನು ಹೋಗಲೇ ಇಲ್ಲ.

ವಾರಕ್ಕೊಮ್ಮೆ ಅವನು ಗಡಿಯಾರ ರಿಪೇರಿಯ ತಾತನ ಮನೆಗೆ ಹೋಗಿ ಗಡ್ಡ ಹೆರೆದು ಬರುತ್ತಿದ್ದ. ತಾತ ಹಾಸಿಗೆ ಹಿಡಿದು ಬಹಳ ಕಾಲವಾಗಿತ್ತು. ಒಂದು ಸಲ ಇವನ ಮೈ ಬೆಚ್ಚಗಿತ್ತು, ಗಂಟಲು ಕೆರೆಯುತ್ತಿತ್ತು. ಇದೇನು ಮಹಾ ಕಾಯಿಲೆ ಎಂದುಕೊಂಡು ಹೋದ. ಗಡ್ಡ ಹೆರೆದು, ಕಿವಿಯ ಮೇಲಿನ ಕೂದಲು ಕತ್ತರಿಸಿ, ಎಂದಿನಂತೆ ತಾತನ ಮುಖದ ಮೇಲೆ ಉಫ್ ಎಂದು ಊದಿದ. ತಾತ ಕಣ್ಣು ಮುಚ್ಚಿಕೊಂಡು ನಕ್ಕರು.

ವಾರ ತುಂಬುವ ಮೊದಲೇ ಉಸಿರಾಡಲಾಗದ ತಾತನನ್ನು ಆಸ್ಪತ್ರೆಗೆ ಸೇರಿಸಿದರು. ಫ್ಲೂ ಎಂದರಂತೆ ಡಾಕ್ಟರು. ಸುದ್ದಿ ಕೇಳಿದವನಿಗೆ ತಾನು ಊದಿದ್ದು ನೆನಪಾಯಿತು. ಯಾರ ಮುಂದೆಯೂ ತುಟಿ ಪಿಟಕ್ಕೆನ್ನಲಿಲ್ಲ. ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಳ್ಳಲು ತನಗೇ ನಾಚಿಕೆ. ಅವನ ಅಂಗಡಿಯಲ್ಲೋ, ಎತ್ತ ತಿರುಗಿದರೂ ಕನ್ನಡಿ!

ತಾತ ಮನೆಗೆ ಬಂದ ಮೇಲೆ ಇವನಿಗೆ ಕರೆ ಬಂತು. ಮನುಷ್ಯ ಅರ್ಧಕ್ಕರ್ಧ ಇಳಿದುಹೋಗಿದ್ದರು. ನೊರೆ ಹಚ್ಚಿ ಒಂದು ಕೆನ್ನೆ ಹೆರೆಯುವಷ್ಟರಲ್ಲಿ, ಪಕ್ಕದಲ್ಲಿ ಕುಳಿತಿದ್ದ ಅಜ್ಜಿ ಕಣ್ಣೊರೆಸಿಕೊಂಡರು.

"ಎಲ್ಲಾ ನನ್ನಿಂದಾನೇ ಆಗಿದ್ದು ಕಣಪ್ಪ. ಅವತ್ತು ತಣ್ಣೀರಲ್ಲಿ ಮೈ ಒರೆಸಿಬಿಟ್ಟೆ. ಇವರಿಗೆ ಲಸಿಕೆ ಹಾಕ್ಸಿದ್ದಕ್ಕೆ ಜೀವ ಉಳೀತು ಅಂದ್ರು ಡಾಕ್ಟ್ರು. ಇಲ್ದಿದ್ರೆ ಕೈಯಾರೆ ಕೊಂದ್ಬಿಡ್ತಿದ್ದೆ."

ಕತ್ತಿ ನಿಂತಿತು. "ಅಮ್ಮಾ, ನೀರಿಂದ ಅಲ್ಲ, ನನ್ನಿಂದ. ಮೈ ಬಿಸಿ ಇಟ್ಕೊಂಡೇ ಬಂದಿದ್ದೆ. ಮುಖದ ಮೇಲೆ ಊದಿದೆ. ಈ ವರ್ಷ ನಾನು ಲಸಿಕೆ ಹಾಕಿಸ್ಕೊಂಡಿರ್ಲಿಲ್ಲ."

ಅಜ್ಜಿ ಅವನನ್ನೇ ನೋಡಿದರು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದ.

"ಈಗಲಾದ್ರೂ ಹಾಕಿಸ್ಕೊಂಡ್ಯಾ?"

ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಜ್ವರ ಬಂದು ಹೋಯಿತಲ್ಲ, ಇನ್ನೇಕೆ ಅಂತ ಸುಮ್ಮನೆ ಕೂತಿದ್ದ ಭೂಪ!

"ಇಲ್ಲಮ್ಮ."

ಅಜ್ಜಿ ಎದ್ದು ಅವನ ಹೆಗಲ ಮೇಲಿದ್ದ ಟವೆಲ್ ತೆಗೆದುಕೊಂಡರು. ಗಂಡನ ಇನ್ನೊಂದು ಕೆನ್ನೆಯ ನೊರೆಯನ್ನು ತಾವೇ ಒರೆಸುತ್ತಾ, "ಇಷ್ಟು ಸಾಕು, ನೀನು ಹೋಗಪ್ಪ" ಎಂದರು.